ಇಳಿಯುವಾಗ ಮಾತ್ರ ಬರುವ ಸ್ವರ

ಸಂಕ್ರಾಂತಿ ಕಳೆದು ಹದಿನೈದು ದಿನವಾಗಿತ್ತು. ಬನಹಟ್ಟಿಯ ಹೊರಗಿನ ರಸ್ತೆಯಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಎಳೆದುಕೊಂಡು ಸಮೀರವಾಡಿಯ ಸಕ್ಕರೆ ಕಾರ್ಖಾನೆಯ ಕಡೆಗೆ ಹೋಗುತ್ತಿದ್ದವು. ಮಂಜು ಪೂರ್ತಿ ಬಿಟ್ಟಿರಲಿಲ್ಲ. ಓಣಿಯ ಮಗ್ಗಗಳೆಲ್ಲ ಆಗಲೇ ಎದ್ದು ಕಟಕಟ ಶುರುಮಾಡಿದ್ದವು. ಶೇವಂತಿ ಕಿಟಕಿಯ ಕೆಳಗೆ ಚಾಪೆ ಹಾಸಿಕೊಂಡು ಗ್ರಾಫ್ ಹಾಳೆಯ ಮೇಲೆ ಸೀರೆಯ ಅಂಚಿನ ದಡಿಯ ವಿನ್ಯಾಸ ಬರೆಯುತ್ತಿದ್ದಳು. ಒಂದು ಚೌಕ ಎಂದರೆ ಒಂದು ಎಳೆ. ಕೆಂಪು ತುಂಬಿದಲ್ಲಿ ಎಳೆ ಮೇಲೇಳಬೇಕು, ಖಾಲಿ ಬಿಟ್ಟಲ್ಲಿ ಕೆಳಗೇ ಉಳಿಯಬೇಕು. ಇಪ್ಪತ್ತು ವರ್ಷದಿಂದ ಅವಳ ಕೆಲಸ ಇದೇ. ಒಂದೇ ರೀತಿ ಏಳುವ ಎಳೆಗಳು ಎಲ್ಲೇ ಇರಲಿ, ಅವನ್ನು ಹುಡುಕಿ ಎಳೆ ಎತ್ತುವ ಒಂದೇ ಹುಕ್ಕಿಗೆ ಕಟ್ಟಿಸುವುದರಲ್ಲಿ ಅವಳನ್ನು ಮೀರಿಸುವವರು ರಬಕವಿಯಲ್ಲೂ ಇರಲಿಲ್ಲ. ಹುಕ್ಕು ಉಳಿದರೆ ಮಾಲಕ ಖುಷಿ, ಮಗ್ಗವೂ ಹಗುರ.

ಆ ವಾರ ಲೈನ್ ಕೆಲಸವೆಂದು ಮಧ್ಯಾಹ್ನ ಹನ್ನೆರಡರಿಂದ ಎರಡರವರೆಗೆ ಕರೆಂಟು ತೆಗೆಯುತ್ತಿದ್ದರು. ಹನ್ನೆರಡಾಗುತ್ತಲೇ ಒಂದೊಂದೇ ಮನೆಯ ಮಗ್ಗ ನಿಂತು ಓಣಿ ನೀರಿನೊಳಗೆ ಇಳಿದಂತಾಗುತ್ತಿತ್ತು. ಆ ಸದ್ದಿನಲ್ಲೇ ಹುಟ್ಟಿ ಬೆಳೆದವರಿಗೆ ಅದು ಎಂದೂ ಕೇಳಿಸುವುದಿಲ್ಲ, ನಿಂತಾಗ ಮಾತ್ರ ಕೇಳಿಸುತ್ತದೆ. ಒಳಗಿನ ಕೋಣೆಯಲ್ಲಿ ಅವಳ ಅಪ್ಪ ಪರಮಾನಂದ ಎದ್ದು ಕೂತು ಹಾರ್ಮೋನಿಯಂ ಪೇಟಿಯ ಮುಚ್ಚಳ ತೆಗೆಯುವ ಹೊತ್ತು ಅದು. ಐವತ್ತು ವರ್ಷ ಬ್ಯಾಂಡ್ ನಡೆಸಿದವನು. ಜಮಖಂಡಿಯಲ್ಲಿ, ಸಂಸ್ಥಾನದ ಕಾಲದ ಬ್ಯಾಂಡಿನಲ್ಲಿ ನುಡಿಸಿದ್ದ ಮುದುಕನೊಬ್ಬನ ಕೈಕೆಳಗೆ ಸ್ವರ ಬರೆಯುವ ಐದು ಗೆರೆಯ ಇಂಗ್ಲಿಷ್ ಬರವಣಿಗೆ ಕಲಿತಿದ್ದ. ನಾಲ್ಕು ವರ್ಷದ ಹಿಂದೆ ಎರಡೂ ಕಣ್ಣು ಹೋದ ಮೇಲೆ ಬರೆಯುವ ಕೆಲಸ ಮಗಳದಾಯಿತು. ಅವನು ಹೇಳುತ್ತಿದ್ದ, ಅವಳು ಬರೆಯುತ್ತಿದ್ದಳು. ಎಲ್ಲ ವಾದ್ಯಗಳೂ ಒಂದರ ಕೆಳಗೊಂದು ಇರುವ ದೊಡ್ಡ ಹಾಳೆ ಒಂದು. ಅದರಿಂದ ಬಿಡಿಸಿ ಪ್ರತಿಯೊಬ್ಬ ನುಡಿಸುವವನಿಗೂ ಅವನದಷ್ಟೇ ಸಾಲು ಬರೆದುಕೊಡುವ ಪಾರ್ಟು ಒಂದೊಂದು.

ಈ ಸಲ ಬರೆಯಬೇಕಾಗಿದ್ದುದು ಸಿನಿಮಾ ಹಾಡಲ್ಲ. ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುವ ಯಮನಪ್ಪನ ಅಕ್ಕ ಲಗಮವ್ವ ಹಾಡುವ, ಕುರುಬರ ದೇವರು ಬೀರೇಶ್ವರನ ಪದ. ಅನಗವಾಡಿಯಲ್ಲಿ ಅವಳ ಮೊಮ್ಮಗಳು ಮಾಯಾಳ ಮದುವೆ ಇತ್ತು. ಲಗಮವ್ವ ಹಾಡಬೇಕು, ಬ್ಯಾಂಡು ಅವಳ ಜತೆಗೆ ನುಡಿಸಬೇಕು. ಇದು ಯಮನಪ್ಪನ ಮಾತು, ಕೊಟ್ಟು ನಲವತ್ಮೂರು ವರ್ಷವಾಗಿತ್ತು.

ಅವನು ಹದಿನೇಳರ ಹುಡುಗನಿದ್ದಾಗ ಕುರಿ ಬಿಟ್ಟು ಪರಮಾನಂದನ ಹಿಂದೆ ಬಂದಿದ್ದ. ಅವನ ಪಾಲಿನ ಕುರಿ ಕಾಯುವವರಿಲ್ಲವೆಂದು ಲಗಮವ್ವ ಗೊತ್ತಾದ ಮದುವೆಯನ್ನು ಮುಂದಕ್ಕೆ ಹಾಕಿ ಮೂರು ಮಾಗಿ ತಾನೇ ಹಿಂಡಿನ ಹಿಂದೆ ನಡೆದಳು. ಆಗ ತಮ್ಮ ಹೇಳಿದ್ದ, “ಅಕ್ಕಾ, ಒಂದಿನ ನಿನ್ನ ಪದಕ್ಕ ನಮ್ಮ ಬ್ಯಾಂಡ್ ನುಡಸ್ತೇನಿ.” ಆಮೇಲೆ ಬ್ಯಾಂಡಿಗೆ ಸಿನಿಮಾ ಹಾಡು ಸಾಕಾಯಿತು, ಅವಳು ಕೇಳಲಿಲ್ಲ, ಅವನೂ ನೆನಪು ತೆಗೆಯಲಿಲ್ಲ. ಈಗ ಅವನಿಗೆ ಅರವತ್ತು, ಮುಂದಿನ ಎರಡು ಹಲ್ಲು ಅಲುಗಾಡುತ್ತಿದ್ದವು. ಹಲ್ಲು ಹೋದರೆ ಕ್ಲಾರಿನೆಟ್ ಹೋದಂತೆ. ಈ ಮದುವೆ ತಪ್ಪಿದರೆ ಮತ್ತೊಂದು ಸಿಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ಯಮನಪ್ಪ ಫೋನಿನಲ್ಲಿ ತುಂಬಿಕೊಂಡು ತಂದ ಪದವನ್ನು ಶೇವಂತಿ ಪೇಟಿಯ ಮೇಲೆ ಹುಡುಕಿ ಹುಡುಕಿ ಬರೆದುಕೊಂಡಿದ್ದಳು. ಲಗಮವ್ವನ ಸ್ವರ ಕರಿ ಒಂದು. ಅಂದರೆ ಪೇಟಿಯ ಮೊದಲ ಕರಿಯ ಕೀಲಿಯಿಂದ ಶುರು. ಅಪ್ಪನಿಗೆ ಆ ವಾರ ಜ್ವರವಿದ್ದುದರಿಂದ ಅವಳೊಬ್ಬಳೇ ಪೂರ್ತಿ ಮುಗಿಸಿದಳು. ಆಗ ಅವಳ ಕೈ ದಡಿ ಬರೆಯುವ ಕೈಯಾಗಿಯೇ ನಡೆಯಿತು. ಪ್ರತಿ ಕರಿಯ ಕೀಲಿಗೂ ಎರಡು ಹೆಸರು. ಕೆಳಗಿನ ಸ್ವರವನ್ನು ಏರಿಸಿದರೆ ಶಾರ್ಪ್, ಮೇಲಿನದನ್ನು ಇಳಿಸಿದರೆ ಫ್ಲ್ಯಾಟ್. ಒತ್ತುವ ಕೀಲಿ ಒಂದೇ ಆದ ಮೇಲೆ ಎರಡು ಹೆಸರು ಯಾಕೆ ಹೊರಬೇಕು? ಅವಳು ಎಲ್ಲವನ್ನೂ ಶಾರ್ಪಿಗೆ ಕಟ್ಟಿದಳು. ಹಾಳೆ ಅಚ್ಚುಕಟ್ಟಾಗಿ ಕಂಡಿತು. ಎರಡು ಉದ್ದ, ಎರಡು ಅಡ್ಡ ಗೆರೆಯ ಶಾರ್ಪಿನ ಗುರುತು ಹಾಸು ಹೊಕ್ಕಿನ ಹಾಗೆಯೇ ಇರುವುದು ನೋಡಿ ಅವಳಿಗೆ ಇನ್ನಷ್ಟು ಸಮಾಧಾನವಾಯಿತು.

ಮರುದಿನ ಮಧ್ಯಾಹ್ನ ಕರೆಂಟು ಹೋದ ಹೊತ್ತಿಗೆ ಬ್ಯಾಂಡಿನ ಎಂಟು ಜನ ಅಂಗಳದಲ್ಲಿ ಸೇರಿದರು. ಕಾರ್ನೆಟ್ ನುಡಿಸುವ ಅಜಯ ಪಾರ್ಟು ನೋಡಿದವನೇ, “ಶೇವಂತಕ್ಕಾ, ಇದೇನ ಹಾಡೋ, ಜಾಳಗಿಯೋ?” ಎಂದ.

“ಸುಮ್ನ ನುಡಸು. ಕಣ್ಣ ಹೊಂದಿಕೊಂಡ ಮ್ಯಾಲ ಎಲ್ಲಾ ಸರಳ ಆಕೈತಿ.”

“ಕಣ್ಣ ಹೊಂದತಾವ. ಬೆರಳ ಕೇಳಬೇಕಲ್ಲ.”

ಫೋನಿನಲ್ಲಿ ಲಗಮವ್ವನ ದನಿ ಹಾಕಿ ಅದರ ಜತೆಗೆ ನುಡಿಸಿದರು. ಮೊದಲ ಸಾಲು ಹೇಗೋ ಹೋಯಿತು. ಎರಡನೆಯ ಸಾಲಿನ ಕೊನೆಗೆ ದನಿ ಮೆಲ್ಲಗೆ ಇಳಿಯುವ ಜಾಗ ಬಂದಾಗ ಯಮನಪ್ಪ ತಡವರಿಸಿದ. ಅವನ ಸ್ವರ ಅಕ್ಕನ ಸ್ವರಕ್ಕಿಂತ ಕೂದಲೆಳೆಯಷ್ಟು ಮೇಲೆ ನಿಂತು, ಎರಡೂ ಒಂದಕ್ಕೊಂದು ಉಜ್ಜಿದಂತೆ ನಡುಗಿದವು. ಅದರ ಮುಂದಿನದನ್ನು ಅವನು ತಪ್ಪಿಯೇ ಹಿಡಿದ. ಮತ್ತೆ ಶುರುಮಾಡಿದರು. ಮತ್ತೆ ಅಲ್ಲಿಯೇ. ಆರನೆಯ ಸಲಕ್ಕೆ ಯಮನಪ್ಪ ಕ್ಲಾರಿನೆಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು ಅದನ್ನೇ ನೋಡುತ್ತ ಕೂತ.

“ಹಾಳಿ ತಪ್ಪಲ್ಲ, ನಂದ ತಪ್ಪ,” ಎಂದ. “ಎಫ್ ಶಾರ್ಪ್ ಕಂಡ್ರ ನನ್ನ ಬೆರಳ ತಾನ ಬಾಜೂ ಕೀಲಿಗೆ ಓಡತೈತಿ. ತುಟಿ ಮ್ಯಾಲ ಒತ್ತತೈತಿ. ಅಕ್ಕನ ದನಿ ಅಲ್ಲಿಲ್ಲ. ಎಲ್ಲೋ ಕೆಳಗೈತಿ. ಮಿರಜದಾಗಿಂದ ಯಾರನ್ನರ ಕರಸ್ರಿ ಮಾಸ್ತರ್ರ. ನನಗ ವಯಸ್ಸಾತು.”

ಬಾಗಿಲಲ್ಲಿ ಕಂಬಳಿ ಹೊದ್ದು ಕೂತಿದ್ದ ಪರಮಾನಂದ ಕೇಳಿದ, “ಎಫ್ ಶಾರ್ಪ್ ಎಲ್ಲಿಂದ ಬಂತ್ಲೇ ಯಮನ್ಯಾ?”

“ಹಾಳ್ಯಾಗ ಹಂಗ ಐತಿ ಅಲ್ರಿ.”

ಎಲ್ಲರೂ ಹೋದ ಮೇಲೆ ಪರಮಾನಂದ ಮಗಳಿಗೆ ಯಮನಪ್ಪನ ಪಾರ್ಟಿನಲ್ಲಿ ಆ ಜಾಗದ ಸ್ವರಗಳನ್ನು ಓದಲು ಹೇಳಿದ. ಅವಳು ಓದಿದಳು. “ಜಿ ಶಾರ್ಪ್, ಎಫ್ ಶಾರ್ಪ್, ಎಫ್, ಡಿ ಶಾರ್ಪ್.”

“ಆಕಿ ಎಷ್ಟ ಮೆಟ್ಟಲಾ ಇಳೀತಾಳ?”

“ನಾಕು.”

“ನಿನ್ನ ಹಾಳ್ಯಾಗ ಎಷ್ಟ ಮೆಟ್ಟಲಾ ಅದಾವ? ಬೆರಳಿಟ್ಟ ನೋಡು.”

ಅವಳು ಗೆರೆಗಳ ಮೇಲೆ ಬೆರಳಿಟ್ಟಳು. ಜಿ ಒಂದು ಮೆಟ್ಟಿಲು. ಎಫ್ ಶಾರ್ಪ್, ಎಫ್ ಎರಡೂ ಒಂದೇ ಸಂದಿನಲ್ಲಿ ಕೂತಿದ್ದವು. ಅದರ ಕೆಳಗಿನ ಇ ಜಾಗ ಖಾಲಿ. ಆಮೇಲೆ ಒಮ್ಮೆಲೇ ಡಿ.

“ಒಂದ ಮನ್ಯಾಗ ಇಬ್ಬರನ್ನ ಕೂಡಿಸೀದಿ, ಬಾಜೂ ಮನಿಗಿ ಕೀಲಿ ಹಾಕೀದಿ,” ಎಂದ ಪರಮಾನಂದ. “ಆಕಿ ಇಳಿಯೂದು ಅವನ ಕಣ್ಣಿಗೆ ಹೆಂಗ ಕಾಣಬೇಕು?”

“ಆದ್ರ ಅಪ್ಪಾ, ಒತ್ತೂ ಕೀಲಿ ಅದ ಐತಲ್ಲ. ಜಿ ಫ್ಲ್ಯಾಟ್ ಅಂದ್ರೂ ಅದ, ಎಫ್ ಶಾರ್ಪ್ ಅಂದ್ರೂ ಅದ. ಒಂದ ಹುಕ್ಕಿನಾಗ ಏಳೂ ಎಳಿ.”

ಪರಮಾನಂದ ಪೇಟಿಯ ಮೇಲೆ ಕೈಯಾಡಿಸಿದ. “ಪೇಟಿಗೆ ಅದ. ನಿನಗ ಎಲ್ಲಾರ ಸಾಲೂ ಕಾಣತಾವ, ಮುಂದ ಎಲ್ಲಿ ಹೋಗತೈತಿ ಗೊತ್ತಾಗತೈತಿ. ಯಮನ್ಯಾನ ಮುಂದ ಅವನ ಒಂದ ಸಾಲ ಐತಿ. ಈ ಸ್ವರ ಮ್ಯಾಲ ಹೊಂಟೈತೋ ಕೆಳಗ ಹೊಂಟೈತೋ ಅಂತ ಅವಗ ಹೇಳಾವ್ರು ಯಾರು? ಆ ಒಂದ ಗುರುತು ಅಷ್ಟ.” ಆಮೇಲೆ ಕೆಮ್ಮಿ, “ನನ್ನ ಮಾತ ಕೇಳಿ ತಿದ್ದಬ್ಯಾಡ. ನಾ ಫೋನಿನ್ಯಾಗ ಕೇಳೀನಿ. ಫೋನ್ ಅಂದ್ರ ಡಬ್ಬಿ. ಹೋಗಿ ಆಕಿ ಬಾಯಿಂದ ಕೇಳಿ ಬಾ,” ಎಂದ.

ಬುಧವಾರ ಶೇವಂತಿ ಯಮನಪ್ಪನನ್ನು ಎಬ್ಬಿಸಿಕೊಂಡು ಅನಗವಾಡಿಗೆ ಹೊರಟಳು. ಅವನು ಬರಲು ಒಪ್ಪಿರಲಿಲ್ಲ. ಸೋತ ಮುಖ ಅಕ್ಕನಿಗೆ ತೋರಿಸಲಾರೆ ಎಂದ. “ಮುಖ ನೀವ ಇಟ್ಟಕೊಳ್ರಿ ಕಾಕಾ, ನನಗ ದಾರಿ ತೋರಸ್ರಿ ಸಾಕು,” ಎಂದು ಅವಳು ಬಸ್ಸಿನ ಬಾಗಿಲವರೆಗೆ ಅವನ ಚೀಲ ತಾನೇ ಹಿಡಿದಳು. ಮುಧೋಳ ದಾಟಿದ ಮೇಲೆ ಎರಡೂ ಕಡೆ ಜೋಳ ತೆನೆ ಕಟ್ಟಿ ನಿಂತಿತ್ತು. ಬೀಳಗಿಯಲ್ಲಿ ಬಸ್ಸು ಬದಲಿಸುವಾಗ ಯಮನಪ್ಪ ಚಹಾ ಕುಡಿಸಿ, ಮೊದಲ ಸಲ ನಕ್ಕು ಹೇಳಿದ, “ನಮ್ಮಕ್ಕನ ಮುಂದ ಸ್ವರದ ಹೆಸರ ಹೇಳಬ್ಯಾಡ. ಹೆಸರ ಇಟ್ಟಾವ್ರು ಯಾರು, ತೊಟ್ಟಿಲಾ ತೂಗಿದಾವ್ರು ಯಾರು ಅಂತ ಕೇಳತಾಳ.”

ಲಗಮವ್ವ ಮನೆಯಲ್ಲಿರಲಿಲ್ಲ. ಹೊಳೆಯ ಕಡೆಗೆ ಹೋಗಿದ್ದಾಳೆಂದರು. ಅವರು ಹೊಲದ ಬದುವಿನ ಮೇಲೆ ನಡೆದು ದಂಡೆಯ ಮೇಲ್ಗಡೆ ಬಂದಾಗ ಸಂಜೆಯ ನಾಲ್ಕು ಗಂಟೆ. ಕೆಳಗೆ ಹೊಳೆ ಆಣೆಕಟ್ಟಿನ ಹಿನ್ನೀರಿನಿಂದ ಅಗಲವಾಗಿ, ಅಲುಗದೆ ಮಲಗಿತ್ತು. ಆಚೆ ದಡ ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಗುತ್ತದೆ ಎಂದು ಹೇಳಲಾಗದಷ್ಟು ತೆಳ್ಳಗೆ ಹೊಗೆಯಂತಹ ಬೆಳಕು. ಐವತ್ತರವತ್ತು ಕುರಿ ದಂಡೆಯ ಮೇಲೆ ನಿಂತಿದ್ದವು. ಹಿಂದೆ ಕರಿಯ ಕಂಬಳಿ ಹೊದ್ದ ಲಗಮವ್ವ. ಅವಳು ಇವರನ್ನು ನೋಡಿದಳು, ಮಾತಾಡಿಸಲಿಲ್ಲ. ಕುರಿಗೆ ನೀರು ಕುಡಿಸುವ ಹೊತ್ತು, ಮಾತು ಆಮೇಲೆ.

ಅವಳು ಪದ ಎತ್ತಿಕೊಂಡಳು. ದೊಡ್ಡ ದನಿಯಲ್ಲ. ಬೀರೇಶ್ವರ ಮೊದಲ ಹಿಂಡನ್ನು ನೀರಿಗೆ ಇಳಿಸಿದ ಪದ. ಹಾಡಿನ ಜತೆಗೇ ಕುರಿಗಳು ನಡೆಯತೊಡಗಿದವು. ದಂಡೆ ಕಡಿದಾಗಿರಲಿಲ್ಲ, ನೀರು ವರ್ಷ ವರ್ಷ ಹಿಂದಕ್ಕೆ ಸರಿದಾಗ ಬಿಟ್ಟ ಗುರುತು ಮಣ್ಣಿನಲ್ಲಿ ಉಳಿದು ತಾನಾಗಿ ಮೆಟ್ಟಿಲಾಗಿತ್ತು. ಸ್ವರ ಮೇಲೇರುವಾಗ ಹಿಂಡು ನಿಲ್ಲುತ್ತಿತ್ತು, ಇಳಿಯುವಾಗ ಇಳಿಯುತ್ತಿತ್ತು. ಶೇವಂತಿಗೆ ಒಂದು ಗಳಿಗೆ ಹಾಡು ಕುರಿಗಳನ್ನು ಇಳಿಸುತ್ತಿದೆಯೋ, ಕುರಿಗಳ ಬೆನ್ನಿನ ಮೇಲೆ ಹಾಡು ಇಳಿಯುತ್ತಿದೆಯೋ ತಿಳಿಯಲಿಲ್ಲ. ಮಗ್ಗವಿಲ್ಲದ ಊರಿನ ಮೌನ ಅವಳ ಕಿವಿಯಲ್ಲಿ ಹತ್ತಿಯ ಹಾಗೆ ತುಂಬಿಕೊಂಡಿತ್ತು, ಅದರೊಳಗೆ ಆ ದನಿಯೊಂದೇ ಎಳೆಯಾಗಿ ಬರುತ್ತಿತ್ತು.

ಆ ಸ್ವರ ಬಂತು. ಅವಳು ಉಸಿರು ಹಿಡಿದು ಕೇಳಿದಳು. ಎರಡನೆಯ ಸಾಲಿನಲ್ಲಿ ಮತ್ತೆ ಬಂತು. ಲಗಮವ್ವ ಅದನ್ನು ಕೆಳಗಿನಿಂದ ಒಮ್ಮೆಯೂ ಮುಟ್ಟಲಿಲ್ಲ. ಏರುವಾಗ ಅದನ್ನು ದಾಟಿಯೇ ಹೋಗುತ್ತಿದ್ದಳು. ಬರುವಾಗ ಮಾತ್ರ, ಮೇಲಿನಿಂದ, ಹೆಜ್ಜೆ ಊರುವ ಮೊದಲು ಕಾಲಿನಲ್ಲಿ ನೆಲ ಹುಡುಕಿದ ಹಾಗೆ, ಅದರ ಮೇಲೆ ಭಾರ ಬಿಡುತ್ತಿದ್ದಳು. ಪೇಟಿಯ ಕೀಲಿಗಿಂತಲೂ ಚೂರು ಕೆಳಗೆ. ಅದು ಏರಿಸಿದ ಸ್ವರವಾಗಿರಲಿಲ್ಲ. ಎಂದೂ ಆಗಿರಲಾರದು.

ಕುರಿಗಳು ನೀರಿಗೆ ಮೂತಿ ಹಚ್ಚಿದ ಮೇಲೆ ಲಗಮವ್ವ ತಿರುಗಿದಳು.

“ಏನ್ಲೇ ಯಮನ್ಯಾ, ಸೊರಗೀದಿ. ಹಲ್ಲ ಬಿದ್ದಾವೇನ?”

“ಇನ್ನಾ ಇಲ್ಲ.”

“ಹಂಗಾರ ನುಡಸ್ತಿ.” ಅವಳು ಶೇವಂತಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಇಕಿ ಏನ ಪರಮಾನಂದ ಮಾಸ್ತರನ ಮಗಳು, ಹಾಡಾ ಬರಿಯಾಕಿ?”

“ಹೌದ್ರಿ ಆಯಿ.”

“ಬರದೇನ ಮಾಡ್ತಿ? ನಾ ಸತ್ತ ಮ್ಯಾಲ ಹಾಳಿ ಕುರಿಗೆ ತಿನಸ್ತಾರ.”

“ನಿಮ್ಮ ತಮ್ಮ ನಿಮ್ಮ ಬೆನ್ನ ಹಿಂದ ಇಳಿಯಾಕ ಬರೀತೇನ್ರಿ,” ಎಂದಳು ಶೇವಂತಿ. ಹೇಳಿದ ಮೇಲೆ ಅವಳಿಗೇ ನಾಚಿಕೆಯಾಯಿತು. ಲಗಮವ್ವ ಕಂಬಳಿ ಸರಿಪಡಿಸಿಕೊಂಡು, “ರೊಟ್ಟಿ ತಿಂದ ಹೋಗ್ರಿ,” ಎಂದಳು.

ಮನೆಗೆ ಬಂದು ಶೇವಂತಿ ಹಾಳೆಗಳನ್ನೆಲ್ಲ ಮೊದಲಿನಿಂದ ಬರೆದಳು. ಕರಿ ಒಂದನ್ನು ಡಿ ಫ್ಲ್ಯಾಟ್ ಎಂದು ಹಿಡಿದಳು. ಪೇಟಿಗಿಂತ ಒಂದು ಪೂರ್ತಿ ಸ್ವರ ಮೇಲೆ ಬರೆಯಬೇಕಾದ ಕ್ಲಾರಿನೆಟ್ಟಿನ ಪಾರ್ಟಿನಲ್ಲಿ ಜಾಳಿಗೆ ಮಾಯವಾಗಿ ಸಾಲಿನ ತಲೆಗೆ ಮೂರೇ ಫ್ಲ್ಯಾಟು ನಿಂತವು. ಆ ಇಳಿಯುವ ಜಾಗಕ್ಕೆ ಎ ಫ್ಲ್ಯಾಟ್, ಜಿ ಫ್ಲ್ಯಾಟ್, ಎಫ್, ಇ ಫ್ಲ್ಯಾಟ್. ನಾಲ್ಕು ಸ್ವರ, ನಾಲ್ಕು ಮನೆ, ಒಂದರ ಕೆಳಗೊಂದು. ಅವಳು ಮಸಿ ಆರುವವರೆಗೆ ಅದನ್ನು ನೋಡುತ್ತ ಕೂತಳು.

ದೊಡ್ಡ ಹಾಳೆಗೆ ಬಂದಾಗ ಮತ್ತೆ ತಡೆ ಬಿತ್ತು. ಅಲ್ಲಿ ಸ್ವರಗಳನ್ನು ಪೇಟಿಯ ಲೆಕ್ಕದಲ್ಲಿ ಬರೆಯಬೇಕು. ಲಗಮವ್ವನ ಆ ಸ್ವರ ಪೇಟಿಯಲ್ಲಿ ಬೀಳುವುದು ಬಿಳಿಯ ಕೀಲಿಯ ಮೇಲೆ.

“ಎಫ್ ಫ್ಲ್ಯಾಟ್ ಅಂತ ಬರಿ,” ಎಂದ ಪರಮಾನಂದ.

“ಬಿಳಿ ಕೀಲಿಗೆ ಫ್ಲ್ಯಾಟ್ ಅಂತ ಯಾರ ಬರೀತಾರ ಅಪ್ಪಾ? ಅದು ಇ. ಸಣ್ಣ ಹುಡುಗ್ರೂ ನಗತಾರ.”

“ನಗಲಿ. ದೊಡ್ಡ ಹಾಳಿ ಓದಾಕಿ ನೀ, ಕೇಳಾವ ನಾ. ಆ ಪದ ಹೆಂಗ ಐತೋ ಹಂಗ ಅದರಾಗ ಇರಬೇಕು. ಆ ದೊಡ್ಡ ತುತ್ತೂರಿ ಯುಫೋನಿಯಂ ಊದಾವಗ ಎಫ್ ಫ್ಲ್ಯಾಟ್ ಅಂದ್ರ ಎದಿ ಒಡೀತೈತಿ, ಅವನ ಪಾರ್ಟಿನ್ಯಾಗ ಬೇಕಾದ್ರ ಇ ಅಂತ ಬರಿ. ಅವಗ ಪಾಪ ದಾರಿ ಸಿಕ್ರ ಸಾಕು.”

ಅವಳು ದೊಡ್ಡ ಹಾಳೆಯಲ್ಲಿ ಎಫ್ ಫ್ಲ್ಯಾಟ್ ಬರೆದಳು. ಯುಫೋನಿಯಂನ ಪಾರ್ಟಿನಲ್ಲಿ ಇ ಬರೆದು, ಮತ್ತೆ ಅದನ್ನು ಹೊಡೆದುಹಾಕಿದಳು. ಕಾರ್ನೆಟ್ಟಿನದನ್ನೂ, ಸ್ಯಾಕ್ಸೊಫೋನಿನದನ್ನೂ ಹೊಡೆದಳು. ಆ ಒಂದು ಸ್ವರದ ಮೇಲೆ ಯಮನಪ್ಪನನ್ನು ಬಿಟ್ಟು ಉಳಿದ ಎಲ್ಲರಿಗೂ ವಿಶ್ರಾಂತಿಯ ಗುರುತು ಇಟ್ಟಳು. ಲಗಮವ್ವ ಚೂರು ಕೆಳಗೆ ನಿಲ್ಲುವ ಕಡೆ ಉಳಿದ ಹಿತ್ತಾಳೆಯ ಬಾಯಿಗಳೆಲ್ಲ ಪೇಟಿಯ ಎತ್ತರದಲ್ಲಿ ನಿಂತರೆ ಅವಳ ದನಿ ಮುಳುಗುತ್ತದೆ. ಅಲ್ಲಿ ಅಕ್ಕ ಮತ್ತು ತಮ್ಮ ಇಬ್ಬರೇ ಇರಲಿ. ಇದನ್ನು ಅವಳು ಅಪ್ಪನಿಗೆ ಓದಿ ಹೇಳಿದಾಗ ಅವನು, “ಯಮನ್ಯಾ ತಪ್ಪಿದ್ರ ಮುಚ್ಚಾಕ ಯಾರೂ ಇಲ್ಲದಂಗ ಮಾಡೀದಿ,” ಎಂದ.

“ತಪ್ಪೂದಿಲ್ಲ.”

“ಅದನ್ನ ನೀ ಹೇಳಬ್ಯಾಡ.”

ಯಮನಪ್ಪ ಹೊಸ ಪಾರ್ಟನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದ. ಆ ಜಾಗದ ಮೇಲೆ ಹೆಬ್ಬೆರಳು ಆಡಿಸಿದ. ಕ್ಲಾರಿನೆಟ್ ಬಾಯಿಗಿಟ್ಟು ನುಡಿಸಿದಾಗ ಬೆರಳು ಬಾಜೂ ಕೀಲಿಗೆ ಓಡಲಿಲ್ಲ, ತುಟಿ ಸಡಿಲವಾಯಿತು. ಫೋನಿನ ದನಿಯೊಂದಿಗೆ ಹತ್ತು ಸಲದಲ್ಲಿ ಏಳು ಸಲ ಕೂಡಿತು. ಮೂರು ಸಲ ಕೂಡಲಿಲ್ಲ.

ಮದುವೆಯ ದಿನ ಟೆಂಪೊ ಮಾಡಿಕೊಂಡು ಬೆಳಿಗ್ಗೆ ಎಂಟಕ್ಕೆ ಅನಗವಾಡಿ ಮುಟ್ಟಿದರು. ಪರಮಾನಂದನೂ ಬಂದಿದ್ದ. ಅಕ್ಕಿಕಾಳು ಬಿದ್ದು, ಮಾಯಾ ಮತ್ತು ಅವಳ ಗಂಡ ತುಬಚಿಯ ಶಿವಪುತ್ರ ಹಂದರದ ಕೆಳಗೆ ಕೂತ ಮೇಲೆ, ಲಗಮವ್ವ ಹೊಸ ಸೀರೆಯ ಮೇಲೆ ಹಳೆಯ ಕಂಬಳಿ ಹೊದ್ದು ಎದ್ದುನಿಂತಳು. ಡೊಳ್ಳಿನವನು ಒಂದು ಪೆಟ್ಟು ಹಾಕಿದ. ಯಮನಪ್ಪ ಕರಿ ಒಂದನ್ನು ಹಿಡಿದುಕೊಟ್ಟ. ಅವಳು ಅದನ್ನು ತಗೊಂಡಳು.

ಮೊದಲ ನುಡಿಯಲ್ಲಿ ಎಲ್ಲರೂ ಜತೆಗಿದ್ದರು. ಆ ಜಾಗ ಬಂದಾಗ ಹಿತ್ತಾಳೆಗಳು ತಡೆದವು, ಅಕ್ಕ ತಮ್ಮ ಇಬ್ಬರ ಸ್ವರಗಳೂ ಒಂದರೊಳಗೊಂದು ಹೋಗಿ ಬೇರೆಯಾಗಿ ಕೇಳದಾದವು. ಶೇವಂತಿ ಕೈಯಲ್ಲಿದ್ದ ದೊಡ್ಡ ಹಾಳೆಯನ್ನು ಮಡಿಚತೊಡಗಿದಳು.

ಎರಡನೆಯ ನುಡಿಯಲ್ಲಿ ಲಗಮವ್ವ ಏರಿ, ತಿರುಗಿ, ಮೊದಲ ಮೆಟ್ಟಿಲು ಇಳಿದಳು. ಎರಡನೆಯದರ ಮೇಲೆ ಬಾಯಿ ಮುಚ್ಚಿದಳು.

ಅವಳು ಪದ ಮರೆತಿರಲಿಲ್ಲ. ಆ ಮೆಟ್ಟಿಲನ್ನು ಅವನೊಬ್ಬನೇ ಇಳಿಯಲಿ ಎಂದು ತಮ್ಮನ ಕಡೆಗೆ ತಿರುಗಿ ನಿಂತಿದ್ದಳು. ಹಂದರದಲ್ಲಿ ಜನ ಮಾತು ನಿಲ್ಲಿಸಿದರು. ಎಂಟು ಪಾರ್ಟುಗಳಲ್ಲಿ ಏಳರಲ್ಲಿ ಆ ಜಾಗ ಖಾಲಿ ಇತ್ತು. ಖಾಲಿ ಇಟ್ಟವಳು ತಾನೇ ಎಂದು ಶೇವಂತಿ ಮಡಿಚಿದ ಹಾಳೆಯನ್ನು ಮತ್ತೆ ಬಿಚ್ಚಿದಳು. ಯಮನಪ್ಪನ ಕಣ್ಣು ಹಾಳೆಯ ಮೇಲಿರಲಿಲ್ಲ, ಅಕ್ಕನ ಪಾದದ ಮೇಲಿತ್ತು. ಅವನ ಸ್ವರ ಮೇಲಿನಿಂದ ಬಂತು. ನೆಲ ಸಿಕ್ಕುವವರೆಗೆ ಹುಡುಕಿ, ಪೇಟಿಯಲ್ಲಿ ಇಲ್ಲದ ಆ ಚೂರು ಕೆಳಗಿನ ಜಾಗದಲ್ಲಿ ಭಾರ ಬಿಟ್ಟು ನಿಂತಿತು. ಅವನು ಉಸಿರಿದ್ದಷ್ಟು ಹೊತ್ತು ಅದನ್ನು ಹಿಡಿದ. ಹಂದರದಾಚೆ ಹೊಳೆಯ ಕಡೆಯಿಂದ ತಂಗಾಳಿ ಬರುತ್ತಿತ್ತು. ಲಗಮವ್ವ ಕಣ್ಣು ಮುಚ್ಚಿ ಕೇಳಿದಳು. ಆಮೇಲೆ ಮುಂದಿನ ಮೆಟ್ಟಿಲನ್ನು ತಾನು ಇಳಿದಳು.

ಊಟಕ್ಕೆ ಕೂತಾಗ ಅವಳು ತಾನೇ ಹುಗ್ಗಿಯ ಬಕೆಟ್ಟು ಹಿಡಿದು ಬ್ಯಾಂಡಿನವರ ಪಂಕ್ತಿಗೆ ಬಂದಳು. ಪರಮಾನಂದನ ಎಲೆಗೆ ಬಡಿಸಿ, ಶೇವಂತಿಯ ಎಲೆಗೆ ಎರಡು ಸಲ ಬಡಿಸಿ, ತಮ್ಮನ ಮುಂದೆ ನಿಂತಳು.

“ಒಂದ ಮಾಗಿ ಮುಟ್ಟಿತು,” ಎಂದಳು.

ಯಮನಪ್ಪ ತಲೆಯೆತ್ತಿದ. “ಒಂದ ಅಷ್ಟ ಏನ ಬೇ ಅಕ್ಕಾ?”

“ನಿನ್ನ ಕುರಿ ಹಿಂದ ಮೂರ ಮಾಗಿ ನಡದೇನಿ ನಾ, ಆ ಮಳ್ಯಾಗ, ಆ ಥಂಡ್ಯಾಗ. ಒಂದ ಪದಕ್ಕ ಮೂರೂ ಬಿಡ್ಲೇನ?”

“ಹಲ್ಲ ಇರಬೇಕಲ್ಲ ಕಾಕಾಗ,” ಎಂದ ಅಜಯ.

“ಹಲ್ಲ ಅವನವು, ಅವನ ನೋಡ್ಕೋಬೇಕು.” ಅವಳು ಹುಗ್ಗಿ ಬಡಿಸಿ, ತುಪ್ಪ ತರುವವಳನ್ನು ಕೂಗಿ, ಮುಂದಿನ ಎಲೆಗೆ ಹೋದಳು. “ಇನ್ನ ಎರಡ ಅದಾವು.”

ಯಮನಪ್ಪ ಅಲುಗಾಡುವ ಹಲ್ಲುಗಳನ್ನು ನಾಲಿಗೆಯಿಂದ ಮುಟ್ಟಿ ನೋಡಿ, ಹೂಂ ಎಂದ.